ತಕ್ಕಡಿಗೆ ಮುದ್ರೆ ಇಲ್ಲ, ಕುರ್ಚಿಗೆ ಜನ ಇಲ್ಲ: ಗ್ರಾಹಕನ ಗೋಳು ಕೇಳೋರು ಯಾರು?

ಹಾವೇರಿ ಜಿಲ್ಲೆಯ ಯಾವ ಊರಿನ ಸಂತೆಗಾದರೂ ಹೋಗಿ ನೋಡಿ. ಗೋಣಿತಾಟಿನ ಮೇಲೆ ಟೊಮೇಟೊ ಗುಡ್ಡೆ, ಅದರ ಪಕ್ಕ ಎಲೆಕ್ಟ್ರಾನಿಕ್ ತಕ್ಕಡಿ. ಅಂಕಿ ತೋರಿಸುವ ಮುಖ ವ್ಯಾಪಾರಿಯ ಕಡೆಗೆ, ಬೆನ್ನು ಗ್ರಾಹಕನ ಕಡೆಗೆ. ಖಾಲಿ ತಟ್ಟೆಗೇ ನಲವತ್ತು ಗ್ರಾಂ ತೋರಿಸುತ್ತಿದ್ದರೂ ಈ ಕಡೆ ನಿಂತವಳಿಗೆ ಕಾಣೋದಿಲ್ಲ. ಕಂಡು ಕೇಳಿದರೆ ಉತ್ತರ ಸಿದ್ಧ: "ತೂಕ ಬರೋಬ್ಬರಿ ಐತಿ ಬೇ ಯವ್ವಾ, ನಿನಗ ನಂಬಿಗಿ ಇಲ್ಲಂದ್ರ ಮುಂದ ಹೋಗು." ಹಿಂದೆ ನಿಂತವರು ಮುಂದೆ ನೂಕುತ್ತಾರೆ. ಬಸ್ಸಿನ ಹೊತ್ತಾಗಿರುತ್ತದೆ. ನಲವತ್ತು ಗ್ರಾಮಿಗೆ ಜಗಳ ಯಾಕೆ ಅಂತ ಆಕೆ ಚೀಲ ಎತ್ತಿಕೊಂಡು ನಡೆಯುತ್ತಾಳೆ.

ಆಕೆಗೆ ನಲವತ್ತೇ ಗ್ರಾಂ. ವ್ಯಾಪಾರಿಗೆ ದಿನಕ್ಕೆ ಇನ್ನೂರು ಗಿರಾಕಿ. ಇನ್ನೂರನ್ನು ನಲವತ್ತರಿಂದ ಗುಣಿಸಿದರೆ ಎಂಟು ಕಿಲೋ. ಈ ಎಂಟು ಕಿಲೋ ಯಾರ ಕಣಜದಿಂದ ಬಂತು?

ಆ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. ಕಾನೂನು ಮಾಪನಶಾಸ್ತ್ರ ಕಾಯಿದೆ 2009ರಲ್ಲಿ ಬಂತು, 2011ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು, ಕಬ್ಬಿಣದ ಬಟ್ಟಿಗೆ ಎರಡು ವರ್ಷಕ್ಕೊಮ್ಮೆ. ಪರೀಕ್ಷೆಯ ಪ್ರಮಾಣಪತ್ರ ಗಿರಾಕಿಗೆ ಕಾಣುವ ಹಾಗೆ ಅಂಗಡಿಯಲ್ಲಿ ತೂಗುಹಾಕಬೇಕು. ಪೇಟೆಯ ಅಂಗಡಿಗಳಲ್ಲಿ ಲಕ್ಷ್ಮೀ ಫೋಟೋ ಇರುತ್ತೆ, ಊದಿನಕಡ್ಡಿ ಇರುತ್ತೆ, "ಇಂದು ನಗದು ನಾಳೆ ಉದ್ರಿ" ಬೋರ್ಡು ಇರುತ್ತೆ. ಆ ಪ್ರಮಾಣಪತ್ರ ಎಷ್ಟು ಅಂಗಡಿಯಲ್ಲಿದೆ, ಓದುಗರೇ ಈ ವಾರ ಪೇಟೆಗೆ ಹೋದಾಗ ಕತ್ತೆತ್ತಿ ನೋಡಲಿ. ಹೊಸ ಕಾಯಿದೆ ತರಬೇಕಾಗಿಲ್ಲ. ಇದ್ದದ್ದನ್ನು ನಡೆಸೋಕೆ ಜನ ಬೇಕು, ಜೀಪು ಬೇಕು, ಸಂತೆ ದಿನ ಸಂತೆಯಲ್ಲೇ ನಿಲ್ಲುವ ಇನ್‌ಸ್ಪೆಕ್ಟರ್ ಬೇಕು. ಎಂಟು ತಾಲ್ಲೂಕಿನ ಜಿಲ್ಲೆ ಇದು. ತಾಲ್ಲೂಕಿಗೊಂದು ದೊಡ್ಡ ಸಂತೆ, ಅದರ ಸುತ್ತ ಹತ್ತಾರು ಚಿಕ್ಕ ಸಂತೆ. ಮುದ್ರೆ ಹಾಕುವವರ ಕೈಬೆರಳು ಎಣಿಕೆಗೆ ಸಿಗುವಷ್ಟಿದ್ದರೆ ಸಂತೆಗೆ ಬರೋರು ಯಾರು?

ಕಾಗದದ ಮೇಲೆ ಗ್ರಾಹಕನೇ ದೊರೆ

ಗ್ರಾಹಕನಿಗೆ ಕಾನೂನಿಲ್ಲ ಅಂತ ಯಾರಾದರೂ ಅಂದರೆ ಅದು ಸುಳ್ಳು. ದೇಶಕ್ಕೆ ಗ್ರಾಹಕ ರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ. ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು ಅಂತ ಪ್ರತಿ ವರ್ಷ ಆ ದಿನ ಗ್ರಾಹಕರ ದಿನಾಚರಣೆ. ಬ್ಯಾನರ್, ಹಾರ, ಉದ್ಘಾಟನೆಗೆ ದೀಪ, ಕಾಲೇಜು ಹುಡುಗರ ಸಾಲು, ಕೊನೆಗೆ ಉಪ್ಪಿಟ್ಟು. ಆ ಉಪ್ಪಿಟ್ಟಿನ ರವೆಯನ್ನು ಯಾವ ತಕ್ಕಡಿಯಲ್ಲಿ ತೂಗಿದ್ದರು ಅಂತ ಇದುವರೆಗೆ ಯಾರೂ ಕೇಳಿದಂತಿಲ್ಲ.

ಹಳೆ ಕಾಯಿದೆಯನ್ನು ಬದಿಗಿಟ್ಟು 2019ರಲ್ಲಿ ಹೊಸದನ್ನು ಮಾಡಿದರು, 2020ರ ಜುಲೈನಲ್ಲಿ ಅದು ಜಾರಿಗೆ ಬಂತು. ಕಾಗದದ ಮೇಲೆ ಅದು ಒಳ್ಳೆಯ ಕಾಯಿದೆಯೇ. ಹಿಂದೆ ಬೆಂಗಳೂರಿನ ಕಂಪನಿಯ ಮೇಲೆ ದೂರು ಕೊಡಬೇಕಾದರೆ ಅದರ ಕಚೇರಿಯೋ ಶಾಖೆಯೋ ಇರುವ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದ ಊರಿಗೇ ಹೋಗಬೇಕಿತ್ತು. ಈಗ ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಾಲಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಒಂದು ಪೈಸೆ ಇಲ್ಲ. 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗದಲ್ಲೇ ಇತ್ಯರ್ಥ. ವಕೀಲರನ್ನು ಹಿಡಿಯಲೇಬೇಕು ಅಂತಿಲ್ಲ, ಸ್ವತಃ ವಾದಿಸಬಹುದು. ದೂರು ಕೊಡಲು ಎರಡು ವರ್ಷದ ಗಡುವು.

ಇನ್ನೊಂದು ಮಾತು ಅಂಗಡಿಕಾರರೂ ಓದಿಕೊಳ್ಳುವುದು ಒಳ್ಳೆಯದು. "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಬಿಲ್ಲಿನ ತಳಕ್ಕೆ ಅಚ್ಚು ಹಾಕಿಸುತ್ತಾರಲ್ಲ, ದೋಷವಿರುವ ಮಾಲಿನ ವಿಷಯದಲ್ಲಿ ಅದು ನಡೆಯೋದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕು. ಒಲ್ಲೆ ಅಂದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿ ಬರುತ್ತದೆ. ನಮ್ಮ ಪೇಟೆಯಲ್ಲಿ ಬಿಲ್ಲು ಕೇಳಿದರೆ ಏನಂತಾರೆ ಅನ್ನುವುದು ಎಲ್ಲರಿಗೂ ಗೊತ್ತು: "ಬಿಲ್ ಬೇಕಂದ್ರ ಜಿಎಸ್‌ಟಿ ಬೀಳತೈತ್ರಿ ಸರ, ನೋಡ್ರಿ ಮತ್ತ."

ಕುರ್ಚಿ ಖಾಲಿ, ಕಡತ ಭರ್ತಿ

ಈ ಕಾಯಿದೆ ಕೇಂದ್ರದ್ದು. ಆದರೆ ಅದಕ್ಕೆ ಕೈಕಾಲು ಕೊಡಬೇಕಾದ್ದು ರಾಜ್ಯ ಸರ್ಕಾರ. ಜಿಲ್ಲೆಗೊಂದು ಆಯೋಗ ಸ್ಥಾಪಿಸುವ ಅಧಿಸೂಚನೆ ರಾಜ್ಯದ್ದು. ಅಧ್ಯಕ್ಷರನ್ನು, ಸದಸ್ಯರನ್ನು ನೇಮಿಸುವುದು ರಾಜ್ಯ. ಗುಮಾಸ್ತ, ಬೆರಳಚ್ಚುಗಾರ, ಜವಾನ, ಕಟ್ಟಡ, ಬೀರು, ಫ್ಯಾನು ಎಲ್ಲ ರಾಜ್ಯದ್ದೇ. ಬೆಂಗಳೂರಿನಲ್ಲಿ ಒಂದು ಕಡತ ಮೇಜಿನಿಂದ ಮೇಜಿಗೆ ಹೋಗುವುದು ತಡವಾದರೆ ಇಲ್ಲಿ ಜಿಲ್ಲೆಯ ಗ್ರಾಹಕನ ತಾರೀಕು ಮುಂದಕ್ಕೆ ಹೋಗುತ್ತದೆ.

ಜಿಲ್ಲಾ ಆಯೋಗ ಅಂದರೆ ಒಬ್ಬ ಅಧ್ಯಕ್ಷ, ಕನಿಷ್ಠ ಇಬ್ಬರು ಸದಸ್ಯರು. ಕಲಾಪ ನಡೆಯಬೇಕಾದರೆ ಅಧ್ಯಕ್ಷರ ಜತೆ ಒಬ್ಬ ಸದಸ್ಯರಾದರೂ ಕೂರಲೇಬೇಕು. ಅಧ್ಯಕ್ಷರ ಅವಧಿ ಮುಗಿಯಿತು, ಹೊಸಬರು ಬಂದಿಲ್ಲ ಅಂದರೆ ಮುಗಿಯಿತು ಕಥೆ. ಪಕ್ಕದ ಜಿಲ್ಲೆಯ ಅಧ್ಯಕ್ಷರಿಗೆ ಹೆಚ್ಚುವರಿ ಹೊಣೆ ಕೊಡಲು ಕಾಯಿದೆಯಲ್ಲಿ ದಾರಿಯುಂಟು. ಅವರಿಗೆ ಅವರ ಜಿಲ್ಲೆಯ ಕಡತವೇ ಮೂಟೆಗಟ್ಟಲೆ. ಎರಡು ದೋಣಿಯ ಮೇಲೆ ಕಾಲಿಟ್ಟ ಮನುಷ್ಯ ಯಾವ ದಡ ಸೇರಿಸಿಯಾನು?

ಇದು ಹಾವೇರಿ ಒಂದರ ಮಾತಲ್ಲ, ಇಡೀ ದೇಶದ ಕಥೆ. 2021ರಲ್ಲಿ ಸುಪ್ರೀಂ ಕೋರ್ಟೇ ಸ್ವತಃ ಪ್ರಕರಣ ದಾಖಲು ಮಾಡಿಕೊಂಡಿತು. ಜಿಲ್ಲಾ ಮತ್ತು ರಾಜ್ಯ ಆಯೋಗಗಳ ನೇಮಕದಲ್ಲಿ ಸರ್ಕಾರಗಳ ನಿಷ್ಕ್ರಿಯತೆ ಅನ್ನುವುದೇ ಆ ಪ್ರಕರಣದ ಹೆಸರು. ಎಂಟು ವಾರದಲ್ಲಿ ಖಾಲಿ ಹುದ್ದೆ ತುಂಬಿ ಅಂತ ಆ ವರ್ಷದ ಆಗಸ್ಟ್‌ನಲ್ಲಿ ನ್ಯಾಯಾಲಯ ಹೇಳಿತು. ಕೆಲಸ ಕುಂಟುತ್ತಿದ್ದುದನ್ನು ನೋಡಿ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿಗಳು, ಆಯೋಗಗಳು ಬೇಡವಾದರೆ ಕಾಯಿದೆಯನ್ನೇ ರದ್ದು ಮಾಡಿಬಿಡಿ ಅನ್ನುವ ಅರ್ಥದ ಮಾತನ್ನೂ ಆಡಿದರು. ದೇಶದ ಅತ್ಯುನ್ನತ ನ್ಯಾಯಾಲಯ ಹೀಗೆ ಬೇಸತ್ತು ಮಾತಾಡಬೇಕಾದರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಊಹಿಸಿಕೊಳ್ಳಿ.

ಆಮೇಲೆ ನೇಮಕದ ನಿಯಮಗಳ ಮೇಲೇ ಮೊಕದ್ದಮೆ. ಕೇಂದ್ರ ಮಾಡಿದ್ದ ನಿಯಮದಲ್ಲಿ ಲಿಖಿತ ಪರೀಕ್ಷೆ ಇರಲಿಲ್ಲ, ಆಯ್ಕೆ ಸಮಿತಿ ತನಗೆ ತೋಚಿದ ರೀತಿ ಆರಿಸಬಹುದಿತ್ತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅದನ್ನು ತಳ್ಳಿಹಾಕಿತು, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಎರಡು ಪತ್ರಿಕೆಯ ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಸದಸ್ಯರಿಗೆ 15 ವರ್ಷದ ಬದಲು 10 ವರ್ಷದ ಅನುಭವ ಸಾಕು. ಒಳ್ಳೆಯ ತೀರ್ಪು. ಯಾರದೋ ಶಿಫಾರಸು ಚೀಟಿ ಹಿಡಿದು ಬರುವವರಿಗೆ ಅಷ್ಟರಮಟ್ಟಿಗೆ ಅಗಸೆಬಾಗಿಲು ಮುಚ್ಚಿತು. ಆದರೆ ಅಧ್ಯಕ್ಷರ, ಸದಸ್ಯರ ಅವಧಿ ನಾಲ್ಕೇ ವರ್ಷ. ಅವಧಿ ಮುಗಿಯುವ ತಾರೀಕು ನೇಮಕದ ದಿನವೇ ಗೊತ್ತಿರುತ್ತದೆ. ಆರು ತಿಂಗಳು ಮುಂಚೆ ಪರೀಕ್ಷೆ ಮಾಡಿ ಪಟ್ಟಿ ತಯಾರಿಟ್ಟುಕೊಳ್ಳಲು ಯಾವ ದೊಡ್ಡ ಬುದ್ಧಿ ಬೇಕು? ಮದುವೆ ಗೊತ್ತಾದ ಮನೆಯವರು ಮುಹೂರ್ತದ ದಿನ ಅಕ್ಕಿ ಕೊಳ್ಳಲು ಹೋಗುತ್ತಾರೆಯೇ?

ಕಾಯಿದೆ ಹೇಳುವ ಗಡುವು ಕೇಳಿದರೆ ನಗು ಬರುತ್ತದೆ. ಎದುರು ಪಕ್ಷಕ್ಕೆ ನೋಟೀಸು ತಲುಪಿದ ಮೂರು ತಿಂಗಳೊಳಗೆ ದೂರು ಮುಗಿಸಬೇಕು. ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳು. ಎದುರುಪಕ್ಷ ಉತ್ತರ ಕೊಡಲು 30 ದಿನ, ಅದರ ಮೇಲೆ 15 ದಿನ. ಅದಕ್ಕಿಂತ ಒಂದು ದಿನವೂ ಕೊಡುವಂತಿಲ್ಲ ಅಂತ 2020ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೇ ಹೇಳಿದೆ. ಗಡುವು ಕಂಪನಿಗೆ ಉಂಟು, ದೂರುದಾರನಿಗೂ ಉಂಟು. ಕುರ್ಚಿ ತುಂಬಬೇಕಾದ ಸರ್ಕಾರಕ್ಕೆ ಮಾತ್ರ ಗಡುವಿಲ್ಲ.

ಬೀಜ ಹುಟ್ಟದಿದ್ದರೆ ರೈತ ಗ್ರಾಹಕನೇ

ಈ ಜಿಲ್ಲೆಗೆ ಗ್ರಾಹಕ ಅಂದರೆ ಬರೀ ಫ್ರಿಜ್ಜು, ಮೊಬೈಲು ಕೊಂಡವನಲ್ಲ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬಿತ್ತುವವರೇ ಇಲ್ಲಿ ದೊಡ್ಡ ಗಿರಾಕಿಗಳು. ಮುಂಗಾರು ಹನಿ ಬಿದ್ದ ವಾರದಲ್ಲಿ ಬೀಜ, ಗೊಬ್ಬರ, ಔಷಧಿಗೆ ಸುರಿಯುವಷ್ಟು ಹಣವನ್ನು ಈ ಜನ ವರ್ಷದಲ್ಲಿ ಬೇರೆ ಯಾವ ವಾರವೂ ಸುರಿಯೋದಿಲ್ಲ. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಇದೇ ಹಾವೇರಿಯಲ್ಲಿ ಗೋಲಿಬಾರ್ ಆಗಿ ಹೆಣ ಬಿತ್ತು. ಅದನ್ನು ಕಂಡವರು ಇನ್ನೂ ಇಲ್ಲೇ ಇದ್ದಾರೆ.

ಬೀಜ ಹುಟ್ಟಲಿಲ್ಲ ಅಂದರೆ ಏನಾಗುತ್ತದೆ? ಅಂಗಡಿಯವ ಕಂಪನಿ ಕಡೆ ಕೈ ತೋರಿಸುತ್ತಾನೆ. ಕಂಪನಿಯ ಮನುಷ್ಯ ಹೊಲಕ್ಕೆ ಬಂದು ನಾಲ್ಕು ಹೆಜ್ಜೆ ಹಾಕಿ, ಆಳವಾಗಿ ಬಿತ್ತೀರಿ, ತೇವ ಸಾಲಲಿಲ್ಲ, ಮಳೆ ಜಾಸ್ತಿ ಆತು ಅಂತಾನೆ. ಮೂರರಲ್ಲಿ ಒಂದಾದರೂ ಯಾವಾಗಲೂ ನಿಜವೇ ಇರುತ್ತದೆ, ಯಾಕಂದರೆ ಮಳೆ ಕಡಿಮೆಯೋ ಜಾಸ್ತಿಯೋ ಆಗಿಯೇ ಇರುತ್ತದೆ. ಕೃಷಿ ಇಲಾಖೆಗೆ ಅರ್ಜಿ ಹೋಗುತ್ತದೆ. ವಿಜ್ಞಾನಿಗಳು ಬರುವಷ್ಟರಲ್ಲಿ ರೈತ ಸಾಲ ಮಾಡಿ ಎರಡನೇ ಸಲ ಬಿತ್ತಿರುತ್ತಾನೆ. ಹೊಲದಲ್ಲಿ ಪುರಾವೆಯೇ ಇಲ್ಲ.

ಬೀಜದ ಕಂಪನಿಗಳು ಬಹಳ ಕಾಲ ಎರಡು ವಾದ ಮುಂದಿಡುತ್ತಿದ್ದವು. ಬೆಳೆದು ಮಾರುವ ರೈತ ವ್ಯಾಪಾರಿ, ಆತ ಗ್ರಾಹಕನಲ್ಲ ಅನ್ನುವುದೊಂದು. ಬೀಜದ ಮಾದರಿ ತಂದುಕೊಟ್ಟು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲಿ ಅನ್ನುವುದು ಇನ್ನೊಂದು. ಆಂಧ್ರದ ರೈತರ ಪ್ರಕರಣದಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ತಿರಸ್ಕರಿಸಿತು. ಎದುರಿಗಿದ್ದದ್ದು ಸರ್ಕಾರಿ ಸ್ವಾಮ್ಯದ ರಾಷ್ಟ್ರೀಯ ಬೀಜ ನಿಗಮವೇ. ಬೀಜ ಕೊಂಡ ರೈತ ಗ್ರಾಹಕನೇ ಅಂತ ನ್ಯಾಯಾಲಯ ಹೇಳಿತು. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತ ಮುಂದೊಂದು ದಿನ ಪರೀಕ್ಷೆಗೆ ಬೇಕಾದೀತು ಅಂತ ಮಾದರಿ ಎತ್ತಿಡುತ್ತಾನೆ ಅಂತ ನಿರೀಕ್ಷಿಸಲಾಗದು ಅಂತಲೂ ಹೇಳಿತು. ಒಕ್ಕಲುತನ ಬಲ್ಲವರ ಮಾತು ಅದು.

ತೀರ್ಪು ಬಂದು ವರ್ಷಗಳೇ ಉರುಳಿವೆ. ಆದರೆ ಇದರ ಸುದ್ದಿ ಹಿರೇಕೆರೂರಿನ ಹೊಲಕ್ಕೆ, ಸವಣೂರಿನ ಹೊಲಕ್ಕೆ ತಲುಪಿಸಿದವರು ಯಾರು? ರೈತ ಸಂಪರ್ಕ ಕೇಂದ್ರದ ಗೋಡೆ ತುಂಬ ಯೋಜನೆಗಳ ಪೋಸ್ಟರ್ ಇರುತ್ತವೆ. ಅವುಗಳ ಪಕ್ಕ ಒಂದು ಸಾಲು ಬರೆಸಿದರೆ ಸಾಕು: ಬಿಲ್ಲು, ಖಾಲಿ ಚೀಲ, ಚೀಲಕ್ಕೆ ಹೊಲಿದ ಚೀಟಿ ಈ ಮೂರನ್ನೂ ಕೊಯ್ಲಾಗುವವರೆಗೆ ಜೋಪಾನ ಮಾಡಿ. ನೀಲಿ ಚೀಟಿ ಇದ್ದರೆ ಅದು ಪ್ರಮಾಣಿತ ಬೀಜ, ಹಸಿರು ಚೀಟಿಯದಾದರೆ ಉತ್ಪಾದಕನೇ ಗುಣಮಟ್ಟ ಬರೆದು ಹೊಣೆ ಹೊತ್ತ ಬೀಜ. ಅದರ ಮೇಲೆ ಮೊಳಕೆಯ ಪ್ರಮಾಣ, ತಂಡದ ಸಂಖ್ಯೆ, ತಾರೀಕು ಇರುತ್ತವೆ. ಹೆಚ್ಚಿನ ಮನೆಗಳಲ್ಲಿ ಆ ಚೀಲ ಸಂಜೆಯೊಳಗೆ ಕಾಲೊರಸು ಆಗುತ್ತದೆ, ಚೀಟಿ ಒಲೆಗೆ ಹೋಗುತ್ತದೆ. ದೂರು ಅಲ್ಲಿಗೆ ಅರ್ಧ ಸತ್ತಂತೆ. ಬಿತ್ತನೆಗೆ ಮೊದಲು ಒಂದು ಹಿಡಿ ಬೀಜವನ್ನು ಹಸಿ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ನೋಡುವ ಅಜ್ಜಂದಿರ ಪದ್ಧತಿ ಬಿಟ್ಟಿದ್ದೂ ನಷ್ಟವೇ, ಆ ಮಾತು ಬೇರೆ.

ಬೆಳೆ ವಿಮೆಯೂ ಹಾಗೆಯೇ. ಕಂತು ಕಟ್ಟಿದ ಮೇಲೆ ವಿಮಾ ಕಂಪನಿ ಕೊಡುವುದು ಸೇವೆ. ಸೇವೆಯಲ್ಲಿ ಕೊರತೆಯಾದರೆ ಆಯೋಗದ ಬಾಗಿಲು ತಟ್ಟಬಹುದು. ತಟ್ಟಲು ಕೈಯಲ್ಲಿ ಕಂತಿನ ರಸೀತಿ ಇರಬೇಕು, ಒಳಗೆ ಬಾಗಿಲು ತೆರೆಯುವವರೂ ಇರಬೇಕು.

ಮನಸ್ಸು ಮಾಡಿದರೆ ಸರ್ಕಾರಕ್ಕೆ ಸಾಧ್ಯ

ರಾಜ್ಯ ಸರ್ಕಾರ ಏನೂ ಮಾಡುತ್ತಿಲ್ಲ ಅಂದರೆ ಅನ್ಯಾಯವಾದೀತು. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಬೇಡದ ಬಣ್ಣ ಸಿಕ್ಕಿತ್ತು. ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಬಟ್ಟೆಗೆ ಹಾಕುವ ರೊಡಮೈನ್-ಬಿ ಬಣ್ಣ ಮಕ್ಕಳ ನಾಲಿಗೆ ಮೇಲೆ! ಜೂನ್‌ನಲ್ಲಿ ಕಬಾಬಿಗೂ ಅದೇ ಆದೇಶ. ಮೊದಲ ಕೆಲವು ವಾರ ಬಸ್ ಸ್ಟ್ಯಾಂಡ್ ಪಕ್ಕದ ಗಾಡಿಗಳಲ್ಲೂ ಗೋಬಿ ಬಿಳಿಚಿಕೊಂಡಿತ್ತು. ಆಮೇಲೆ ಮೆಲ್ಲಗೆ ಅದಕ್ಕೆ ಮತ್ತೆ ರಕ್ತ ತುಂಬಿಕೊಂಡಿದ್ದನ್ನು ಗಾಡಿ ಮುಂದೆ ನಿಂತು ತಿನ್ನುವವರು ನೋಡಿಯೇ ಇರುತ್ತಾರೆ. ಆದೇಶ ಒಂದು ದಿನದ ಸುದ್ದಿ, ಮಾದರಿ ತೆಗೆಯುವುದು ವರ್ಷವಿಡೀ ಮಾಡುವ ಕೆಲಸ. ಸುದ್ದಿಯಾಗುವುದು ಮೊದಲನೆಯದು ಮಾತ್ರ.

ಸಾಲದ ವಿಷಯದಲ್ಲಿ ಈ ಜಿಲ್ಲೆಯ ಹೆಂಗಸರೇ ಸರ್ಕಾರವನ್ನು ಎಬ್ಬಿಸಿದರು ಅನ್ನಬೇಕು. ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ 2025ರ ಜನವರಿಯಲ್ಲಿ ರಾಜ್ಯದ ಮೂಲೆ ಮೂಲೆಯಿಂದ ಬಂತು. ತಾಳಿ ಉಳಿಸಿಕೊಡ್ರಿ ಅಂತ ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯವನ್ನು ಅಂಚೆಗೆ ಹಾಕಿ ಸರ್ಕಾರಕ್ಕೆ ಕಳಿಸಿದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು, ಆಮೇಲೆ ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ವಿಧಾನ ಮಂಡಲದಲ್ಲಿ ಮಸೂದೆಯೂ ಪಾಸಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೆಚ್ಚುಕಡಿಮೆ ಎರಡು ತಿಂಗಳಲ್ಲಿ ಇಷ್ಟೆಲ್ಲ ಆಗುತ್ತದೆ ಅಂದ ಮೇಲೆ, ಆಯೋಗಕ್ಕೆ ಒಬ್ಬ ಸದಸ್ಯರನ್ನು ನೇಮಿಸಲು ಯಾಕೆ ಆಗೋದಿಲ್ಲ ಅನ್ನುವ ಪ್ರಶ್ನೆ ಏಳುವುದು ಸಹಜ. ಅದಕ್ಕೂ ಯಾರಾದರೂ ತಾಳಿ ಬಿಚ್ಚಿ ಕಳಿಸಬೇಕೆ?

ಎಲ್ಲ ಆದೇಶಕ್ಕೂ ಆಯುಷ್ಯ ಇರೋದಿಲ್ಲ ಅನ್ನುವುದಕ್ಕೆ ಸಿನಿಮಾ ಟಿಕೆಟ್ ಸಾಕ್ಷಿ. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ 2025ರ ಸೆಪ್ಟೆಂಬರ್ 12ರಂದು ಸರ್ಕಾರ ನಿಯಮ ತಂದಿತು. ಹತ್ತೇ ದಿನ ಕಳೆಯುವಷ್ಟರಲ್ಲಿ ಹೈಕೋರ್ಟಿನಿಂದ ಮಧ್ಯಂತರ ತಡೆ ಬಿತ್ತು. 2017ರಲ್ಲೂ ಇದೇ 200ರ ಆದೇಶ ಹೊರಡಿಸಿದ್ದುಂಟು. ಕಾನೂನಿನ ಬುಡ ಗಟ್ಟಿ ಮಾಡಿಕೊಳ್ಳದೆ ಚಪ್ಪಾಳೆಗಾಗಿ ಹೊರಡಿಸಿದ ಆದೇಶ ಕೋರ್ಟಿನ ಮೆಟ್ಟಿಲಲ್ಲಿ ಎಡವುತ್ತದೆ.

ಖಾಸಗಿ ಆಸ್ಪತ್ರೆಗಳ ವಿಷಯವೂ ಅಷ್ಟೆ. 2007ರ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದಾಗ ವೈದ್ಯರು ಮುಷ್ಕರ ಹೂಡಿದರು, ರಾಜ್ಯದ ರೋಗಿಗಳು ಪರದಾಡಿದರು. ಅಷ್ಟು ರಂಪದ ಮೇಲೆ ಉಳಿದದ್ದೂ ಕಡಿಮೆಯಿಲ್ಲ. ದರಪಟ್ಟಿ ಕಾಣುವಂತೆ ಹಾಕಬೇಕು, ಬಿಲ್ ಬಾಕಿ ಅಂತ ಹೆಣ ಹಿಡಿದಿಟ್ಟುಕೊಳ್ಳಬಾರದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ದೂರು ಕೇಳಬೇಕು. ದರಪಟ್ಟಿಯನ್ನು ಔಷಧಿ ಕೌಂಟರಿನ ಹಿಂದೆ, ಓದಲಾಗದ ಅಕ್ಷರದಲ್ಲಿ, ಬರೀ ಇಂಗ್ಲಿಷಿನಲ್ಲಿ ಹಾಕಿದರೆ ಕಾಯಿದೆ ಪಾಲಿಸಿದಂತಾಯಿತೆ?

ಜಿಎಸ್‌ಟಿ ಇಳಿಕೆಯ ಕಥೆ ಇನ್ನೂ ಹೊಸದು. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಪೇಸ್ಟು, ಬಿಸ್ಕತ್ತಿನಂಥ ದಿನಬಳಕೆಯ ಎಷ್ಟೋ ಮಾಲಿನ ತೆರಿಗೆ 18ರಿಂದ 5ಕ್ಕಿಳಿಯಿತು. ಇಳಿಕೆ ಗಿರಾಕಿಗೆ ಮುಟ್ಟಿಸಲಿಲ್ಲ ಅಂತ ಪ್ರತ್ಯೇಕ ದೂರು ಕೊಡಲು ಹಿಂದೆ ಒಂದು ವ್ಯವಸ್ಥೆಯಿತ್ತು, ಆ ಬಾಗಿಲನ್ನು ಹೊಸ ದೂರುಗಳಿಗೆ 2025ರ ಏಪ್ರಿಲ್ 1ರಿಂದಲೇ ಮುಚ್ಚಿದ್ದರು. ದರ ಇಳಿಸುವ ಮುಂಚೆಯೇ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ.

ಪುಕ್ಕಟೆ ಅಕ್ಕಿ ತಿನ್ನುವವ ಗ್ರಾಹಕನಲ್ಲ!

ಎಲ್ಲಕ್ಕಿಂತ ವಿಚಿತ್ರ ಸಂಗತಿ ಬೇರೆ ಇದೆ. ಕಾಯಿದೆಯ ಪ್ರಕಾರ ಹಣ ಕೊಟ್ಟು ಕೊಂಡವನೇ ಗ್ರಾಹಕ. ಅನ್ನಭಾಗ್ಯದ ಅಕ್ಕಿಗೆ ಹಣವಿಲ್ಲ. ಹಾಗಾದರೆ ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಕಡಿಮೆ ಬಂದರೆ, ಹೆಬ್ಬೆರಳು ಒತ್ತಿಸಿಕೊಂಡು ಈ ತಿಂಗಳದು ಮುಗೀತು ಅಂದರೆ, ಬಡವ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ. ಒಂದು ಪೊಟ್ಟಣ ಶಾಂಪೂ ಕೊಂಡವನಿಗೆ ಇರುವ ಹಕ್ಕು ತಿಂಗಳಿಡೀ ಮನೆ ಮಂದಿಯ ಹೊಟ್ಟೆ ತುಂಬಿಸುವ ಅಕ್ಕಿಗೆ ಇಲ್ಲ! ಸರ್ಕಾರಿ ಆಸ್ಪತ್ರೆಯದೂ ಇದೇ ಪಾಡು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯಿದೆಯ ಹೊರಗೆ ಅಂತ 1995ರಲ್ಲೇ ತೀರ್ಮಾನವಾಗಿದೆ.

ಪಡಿತರಕ್ಕೆ 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಜಿಲ್ಲಾ ಕುಂದುಕೊರತೆ ಅಧಿಕಾರಿ ಅಂತ ಒಂದು ವ್ಯವಸ್ಥೆ ಉಂಟು, ಅಂಗಡಿಗೊಂದು ಜಾಗೃತಿ ಸಮಿತಿ ಉಂಟು. ತನ್ನ ಓಣಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಹತ್ತು ಜನ ಕಾರ್ಡುದಾರರನ್ನು ಕೇಳಿ ನೋಡಿ. ಹೇಳಿದರೆ ಆಶ್ಚರ್ಯ. ರಾಜ್ಯ ಸರ್ಕಾರ ನಿಜಕ್ಕೂ ನೀತಿ ಮಾಡಬೇಕಾದ ಜಾಗ ಇದು. ಅಕ್ಕಿ ರಾಜ್ಯದ ಯೋಜನೆ, ಅಂಗಡಿಯ ಲೈಸೆನ್ಸ್ ರಾಜ್ಯದ್ದು, ತೂಕದ ಇಲಾಖೆಯೂ ರಾಜ್ಯದ್ದೇ. ಸಕಾಲ ಕಾಯಿದೆಯಲ್ಲಿ ಜಾತಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೊಡಿಸುವ ಏರ್ಪಾಡು 2011ರಲ್ಲೇ ಆಗಿದೆ. ಕಾಗದ ತಡವಾದರೆ ಪರಿಹಾರ, ಅಕ್ಕಿ ಕಡಿಮೆಯಾದರೆ ಪರಿಹಾರ ಬೇಡವೆ?

ಕಿರಾಣಿ ಅಂಗಡಿಯವರನ್ನೇ ಕಳ್ಳರೆಂದು ದೂರುವುದೂ ಸರಿಯಲ್ಲ. 50 ಕಿಲೋ ಅಂತ ಬರೆದ ಸಕ್ಕರೆ ಚೀಲ ಆತನಿಗೆ 49 ಕಿಲೋ ಬಂದರೆ ಆತನೂ ಮೋಸಹೋದವನೇ. ಲಾಭಕ್ಕೆ ಮರುಮಾರಾಟ ಮಾಡುವವನು ಗ್ರಾಹಕನ ಲೆಕ್ಕದಲ್ಲಿ ಬರೋದಿಲ್ಲ. ಹೊಟ್ಟೆಪಾಡಿಗೆ ಸ್ವಂತ ದುಡಿಯಲು ಹೊಲಿಗೆ ಯಂತ್ರವನ್ನೋ ಆಟೋವನ್ನೋ ಕೊಂಡವನಿಗೆ ಮಾತ್ರ ಕಾಯಿದೆ ವಿನಾಯಿತಿ ಕೊಟ್ಟಿದೆ. ಸಣ್ಣ ಅಂಗಡಿಕಾರ ಮೇಲಿನವರಿಂದ ಕಳೆದುಕೊಂಡದ್ದನ್ನು ಕೆಳಗಿನವರಿಂದ ವಸೂಲು ಮಾಡುತ್ತಾನೆ. ತಪಾಸಣೆ ಸಂತೆಯ ಮುದುಕಿಯ ತಕ್ಕಡಿಗೆ ಮೊದಲು ಹೋಗಬೇಕೋ, ಸಗಟು ಗೋದಾಮಿಗೆ ಮೊದಲು ಹೋಗಬೇಕೋ ಇಲಾಖೆ ಯೋಚಿಸಲಿ. ಸಣ್ಣವರ ಮೇಲೆ ಕೇಸು ಹಾಕಿ ವರ್ಷದ ಗುರಿ ಮುಟ್ಟಿಸುವುದು ಸುಲಭ.

ಜಿಲ್ಲಾಧಿಕಾರಿಗಳ ಮೇಜಿನ ಮೇಲೆ

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ. 2019ರ ಕಾಯಿದೆ ಜಿಲ್ಲಾಧಿಕಾರಿಗೂ ಅಧಿಕಾರ ಕೊಟ್ಟಿದೆ. ಒಬ್ಬನಿಗಲ್ಲ, ಹಲವು ಗ್ರಾಹಕರಿಗೆ ಒಟ್ಟಾಗಿ ಅನ್ಯಾಯವಾಗುತ್ತಿದೆ ಅಂತ ದೂರು ಬಂದರೆ ಅವರು ವಿಚಾರಣೆ, ತನಿಖೆ ನಡೆಸಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಇಡೀ ಹೋಬಳಿಯಲ್ಲಿ ಒಂದೇ ತಂಡದ ಬೀಜ ಕೈಕೊಟ್ಟರೆ, ಒಂದೇ ಬಡಾವಣೆಯಲ್ಲಿ ನೂರು ಜನರಿಗೆ ಸೈಟಿನ ಹೆಸರಿನಲ್ಲಿ ಟೋಪಿ ಬಿದ್ದರೆ ಒಬ್ಬೊಬ್ಬರೇ ಅಲೆಯಬೇಕಾಗಿಲ್ಲ. ಜಿಲ್ಲಾಧಿಕಾರಿ ಕಚೇರಿಗೆ ಒಂದೇ ಅರ್ಜಿ ಸಾಕು.

ಅದೇ ಕಾಯಿದೆಯಲ್ಲಿ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತು ಅಂತ ಇನ್ನೊಂದಿದೆ. ಜಿಲ್ಲಾಧಿಕಾರಿಯೇ ಅಧ್ಯಕ್ಷರು. ವರ್ಷಕ್ಕೆ ಕನಿಷ್ಠ ಎರಡು ಸಭೆ ನಡೆಯಲೇಬೇಕು. ರಾಜ್ಯಮಟ್ಟದ ಪರಿಷತ್ತಿಗೆ ಸಚಿವರು ಅಧ್ಯಕ್ಷರು, ಅಲ್ಲೂ ಎರಡು ಸಭೆ. ಬರ, ನೆರೆ, ಚುನಾವಣೆ, ಮಂತ್ರಿಗಳ ಪ್ರವಾಸ, ಕೆಡಿಪಿ ಸಭೆ, ಜಾತ್ರೆ ಬಂದೋಬಸ್ತು ಎಲ್ಲವೂ ಒಬ್ಬರ ತಲೆಯ ಮೇಲೆ ಹೇರಿದ ಮೇಲೆ ತಕ್ಕಡಿ ನೆನಪಾಗುವುದು ಯಾವಾಗ? ಜಿಲ್ಲಾಧಿಕಾರಿಗಳನ್ನು ದೂರಿ ಫಲವಿಲ್ಲ. ಇದೊಂದೇ ಕೆಲಸಕ್ಕೆ ಅಂತ ಅವರ ಕೈಕೆಳಗೆ ಒಬ್ಬ ಅಧಿಕಾರಿಯನ್ನಾದರೂ ರಾಜ್ಯ ಸರ್ಕಾರ ಕೊಡಬೇಕು.

ಅಧಿಕಾರಿಗಳನ್ನು ಕಾಯದೆ ಜನರೇ ಎದ್ದು ನಿಂತ ಊರುಗಳೂ ನಾಡಿನಲ್ಲಿವೆ. ಉಡುಪಿಯಲ್ಲಿ ಡಾ. ರವೀಂದ್ರನಾಥ ಶಾನುಭಾಗರು ಬಳಕೆದಾರರ ವೇದಿಕೆ ಕಟ್ಟಿಕೊಂಡು ದಶಕಗಟ್ಟಲೆ ದುಡಿದರು. ಮೈಸೂರಿನ ಗ್ರಾಹಕರ ಪರಿಷತ್ತು ನಗರಾಡಳಿತವನ್ನೂ ಬಿಡದೆ ಪ್ರಶ್ನಿಸಿದೆ. ಉತ್ತರ ಕರ್ನಾಟಕದ ಈ ಭಾಗಕ್ಕೆ ಚಳವಳಿ ಹೊಸದಲ್ಲ. ರೈತ ಚಳವಳಿ ಕಂಡ ನೆಲ ಇದು. ಹಸಿರು ಶಾಲು ಹೆಗಲ ಮೇಲಿದ್ದವನು ಬೀಜದ ಅಂಗಡಿಯಲ್ಲಿ ಬಿಲ್ಲು ಕೇಳಲು ಯಾಕೆ ನಾಚುತ್ತಾನೋ ತಿಳಿಯದು.

ದೂರು ಕೊಡುವ ದಾರಿ ಈಗ ಮೊದಲಿನಷ್ಟು ದುರ್ಗಮವಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. 2025ರ ಜನವರಿ 1ರಿಂದ ಇ-ಜಾಗೃತಿ ಅನ್ನುವ ತಾಣದಲ್ಲಿ ಕುಳಿತಲ್ಲೇ ದೂರು ದಾಖಲಿಸುವ ಸೌಕರ್ಯ ಬಂದಿದೆ. ಕರೆಂಟಿನ ದೂರಿಗೆ 1912, ಅಲ್ಲಿ ಕೆಲಸ ಆಗದಿದ್ದರೆ ವಿದ್ಯುತ್ ಗ್ರಾಹಕರ ಕುಂದುಕೊರತೆ ವೇದಿಕೆ ಬೇರೆಯೇ ಇದೆ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರಿನ ಅಳತೆ ಪಾತ್ರೆ ತರಿಸಿ ಅಳೆಸಬಹುದು. ಸಿಲಿಂಡರ್ ಮನೆಗೆ ಬಂದಾಗ ತೂಗಿ ತೋರಿಸು ಅನ್ನಬಹುದು. ಒಳಗಿನ ಗ್ಯಾಸು 14.2 ಕಿಲೋ, ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಎರಡನ್ನೂ ಕೂಡಿಸಿದರಾಯಿತು.

ಆಯೋಗದ ತೀರ್ಪು ಬಂದಮೇಲೂ ಹಣ ಕೊಡದವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಉಂಟು. ಮೇಲ್ಮನವಿ ಹೋಗುವ ಕಂಪನಿ ತೀರ್ಪಿನ ಅರ್ಧ ಹಣ ಮೊದಲು ಠೇವಣಿ ಇಡಬೇಕು. ಆಯೋಗದ ಕೈಗೆ ಹಲ್ಲಿಲ್ಲದ ಹಾವನ್ನೇನೂ ಕೊಟ್ಟಿಲ್ಲ.

ಉಳಿದದ್ದು ಒಂದು ಸಣ್ಣ ಕೆಲಸ. ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತು ಕಳೆದ ಎರಡು ವರ್ಷದಲ್ಲಿ ಯಾವ್ಯಾವ ತಾರೀಕಿಗೆ ಸಭೆ ಸೇರಿತು, ನಡಾವಳಿಯ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಅರ್ಜಿ 150 ಪದ ಮೀರಬಾರದು ಅಂತ ಕರ್ನಾಟಕದ ನಿಯಮ. ಈ ಪ್ರಶ್ನೆಗೆ ಅಷ್ಟು ಪದ ಬೇಕಾಗಲಾರದು.